ಮೊಲಕ್ಕೆ ಎಷ್ಟು ಜಾಗ ಬೇಕು?



ಮಕ್ಕಳಿಗೆ ಮೊಲವೆಂದರೆ ಎಲ್ಲಿಲ್ಲದ ಆಸೆ. ಬೇಸಿಗೆ ರಜೆ ಬಂತೆಂದರೆ ಹಠ ಹಿಡಿಯುತ್ತಾರೆ. ನಾಯಿಯಂತೆ ಬೊಗಳುವುದಿಲ್ಲ, ನೆರೆಮನೆಯವರಿಂದ ದೂರು ಬರುವುದಿಲ್ಲ ಎಂದುಕೊಂಡು ತಂದೆತಾಯಿಗಳೂ ಹೆಚ್ಚು ಯೋಚಿಸದೆ ಒಪ್ಪುತ್ತಾರೆ. ಮೊಲ ಮಾರುವವನೇ ಜೊತೆಗೆ ಒಂದು ಪಂಜರವನ್ನೂ ಕೊಡುತ್ತಾನೆ. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ತಳಕ್ಕೂ ತಂತಿಯೇ. ಅದನ್ನು ತಂದು ಬಾಲ್ಕನಿಯಲ್ಲೋ ಬಚ್ಚಲಿನ ಪಕ್ಕದಲ್ಲೋ ಇಡುತ್ತಾರೆ. ಮೊದಲ ವಾರ ಮನೆಮಂದಿಯೆಲ್ಲ ಸುತ್ತ ಕೂರುತ್ತಾರೆ. ಮೂರನೆಯ ತಿಂಗಳಿಗೆ ನೀರು ಬದಲಿಸುವ ಕೆಲಸವೂ ತಾಯಿಯ ಪಾಲಿಗೆ ಬಂದಿರುತ್ತದೆ.

ಇದರಲ್ಲಿ ತಪ್ಪೇನು? ಹೊಟ್ಟೆಗೆ ಹಾಕುತ್ತೇವೆ, ನೀರಿಡುತ್ತೇವೆ, ಹೊಡೆಯುವುದಿಲ್ಲ. ಒಂದು ಪ್ರಾಣಿಗೆ ಇನ್ನೇನು ಬೇಕು ಎಂದು ನೀವು ಕೇಳಬಹುದು. ಆ ಪ್ರಶ್ನೆಯನ್ನೇ ಇಂದು ಸ್ವಲ್ಪ ನಿಧಾನವಾಗಿ ಯೋಚಿಸೋಣ. ಏಕೆಂದರೆ ಅದು ಮೊಲವೊಂದರ ಪ್ರಶ್ನೆ ಮಾತ್ರವಲ್ಲ. ನಮ್ಮ ಕೈಕೆಳಗಿರುವ, ದೂರು ಹೇಳಲು ಬಾಯಿಲ್ಲದ ಜೀವಕ್ಕೆ ನಾವು ಏನನ್ನು ಸಲ್ಲಿಸಬೇಕು ಎಂಬ ಪ್ರಶ್ನೆ.

ಮೊಲಕ್ಕೂ ಒಂದು ಸ್ವಭಾವವಿದೆ

ಪ್ರತಿಯೊಂದು ಜೀವಿಗೂ ಅದರದೇ ಆದ ಸ್ವಭಾವವಿದೆ, ಆ ಸ್ವಭಾವಕ್ಕೆ ತಕ್ಕ ಒಳಿತೂ ಇದೆ ಎಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಕಲಿಸಿದ. 13ನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಈ ವಿಚಾರವನ್ನು ಸ್ವೀಕರಿಸಿ, ಆ ಸ್ವಭಾವವನ್ನು ಇಟ್ಟವನು ಸೃಷ್ಟಿಕರ್ತನೇ ಎಂದು ವಿವರಿಸಿದರು. ಮೀನಿಗೆ ಈಜು, ಹಕ್ಕಿಗೆ ಹಾರಾಟ. ಹಾಗಾದರೆ ಮೊಲಕ್ಕೆ?

ನಾವು ಮನೆಯಲ್ಲಿ ಸಾಕುವ ಮೊಲ ನಮ್ಮ ಹೊಲಗದ್ದೆಗಳ ಕಾಡುಮೊಲವಲ್ಲ. ಕಾಡುಮೊಲವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸಾಕುಮೊಲದ ಮೂಲ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ಕಡೆಯದು. ಅಲ್ಲಿ ಅದು ನೆಲದಲ್ಲಿ ಬಿಲ ತೋಡಿ ಗುಂಪಾಗಿ ಬಾಳುತ್ತದೆ. ಮುಂಜಾನೆ ಮತ್ತು ಮುಸ್ಸಂಜೆ ಹೊರಬಂದು ಮೇಯುತ್ತದೆ, ಓಡುತ್ತದೆ, ಹಿಂಗಾಲುಗಳ ಮೇಲೆ ಎದ್ದು ನಿಂತು ಸುತ್ತ ನೋಡುತ್ತದೆ, ಹೆದರಿದರೆ ಬಿಲದೊಳಗೆ ನುಗ್ಗುತ್ತದೆ. ಎಷ್ಟು ತಲೆಮಾರುಗಳಿಂದ ಮನುಷ್ಯನ ಕೈಯಲ್ಲಿ ಬೆಳೆದಿದ್ದರೂ ಈ ಸ್ವಭಾವ ಅದರಿಂದ ಹೋಗಿಲ್ಲ.

ಈಗ ಪಂಜರವನ್ನು ನೋಡಿ. ಅಂಗೈಯಗಲದ ಮರಿ ಆರು ತಿಂಗಳಲ್ಲಿ ದೊಡ್ಡದಾಗುತ್ತದೆ. ನ್ಯೂಜಿಲೆಂಡ್ ವೈಟ್ ಎಂಬ ಬಿಳಿ ತಳಿಯ ಮೊಲ 4ರಿಂದ 5 ಕಿಲೋ ತೂಗುತ್ತದೆ. ಎರಡಡಿಯ ಪಂಜರದಲ್ಲಿ ಅದು ಒಂದು ಸಲ ಕುಪ್ಪಳಿಸಲೂ ಆಗದು. ಓಡಾಟವಿಲ್ಲದೆ ಮೂಳೆ ದುರ್ಬಲವಾಗುತ್ತದೆ, ಬೊಜ್ಜು ಬೆಳೆಯುತ್ತದೆ. ನಾಯಿ ಬೆಕ್ಕುಗಳ ಪಾದಕ್ಕಿರುವ ಮೆತ್ತೆ ಮೊಲದ ಪಾದಕ್ಕಿಲ್ಲ, ಬರೀ ರೋಮವಿದೆ. ಆದ್ದರಿಂದ ತಂತಿಯ ತಳದ ಮೇಲೆ ಕುಳಿತು ಕುಳಿತು ಅಂಗಾಲು ಹುಣ್ಣಾಗುತ್ತದೆ. ಕಂಬಿಯನ್ನು ಕಚ್ಚಿ ಅಲುಗಾಡಿಸುವುದನ್ನು ಕಂಡು ನಾವು 'ಆಟವಾಡುತ್ತಿದೆ' ಎನ್ನುತ್ತೇವೆ. ಅದು ಆಟವಲ್ಲ, ಬೇಸರ. ಈ ಬಾಳು ಒಂದೆರಡು ತಿಂಗಳದ್ದೂ ಅಲ್ಲ. ಚೆನ್ನಾಗಿ ನೋಡಿಕೊಂಡರೆ ಮೊಲ 8ರಿಂದ 12 ವರ್ಷ ಬದುಕುತ್ತದೆ.

ಇಷ್ಟಾದರೂ ಅದು ಕೂಗುವುದಿಲ್ಲ. ನಾಯಿಯಾಗಿದ್ದರೆ ಊಳಿಟ್ಟು ಬೀದಿಯನ್ನೇ ಎಬ್ಬಿಸುತ್ತಿತ್ತು. ಮೊಲವಾದರೋ ಬೇಟೆಗೆ ಬಲಿಯಾಗುವ ಜಾತಿ. ನೋವನ್ನು ಮರೆಮಾಚುವುದು ಅದಕ್ಕೆ ಹುಟ್ಟಿನಿಂದ ಬಂದ ರಕ್ಷಣೆ. ಆ ಮೌನವನ್ನು ನಾವು ಸುಖವೆಂದು ತಿಳಿಯುತ್ತೇವೆ. 'ತಾನು ಹಿಡಿದ ಮೊಲಕ್ಕೆ ಮೂರೇ ಕಾಲು' ಎಂಬ ಗಾದೆ ನಿಮಗೆ ಗೊತ್ತು. ಪಂಜರದ ಮೊಲ ಸುಖವಾಗಿದೆ ಎಂದು ವಾದಿಸುವವನದೂ ಅಂಥದೇ ಹಠ. ಅದಕ್ಕೆ ನಾಲ್ಕು ಕಾಲಿದೆ, ನಾಲ್ಕೂ ಓಡುವುದಕ್ಕೇ ಇವೆ ಎಂಬುದನ್ನು ಅವನು ಎಣಿಸಿ ನೋಡಲೊಲ್ಲ.

ಪ್ರಾಣಿ ಯಂತ್ರವೇ?

17ನೆಯ ಶತಮಾನದ ಫ್ರೆಂಚ್ ತತ್ವಜ್ಞಾನಿ ದೆಕಾರ್ತ್ ಪ್ರಾಣಿಗಳನ್ನು ಯಂತ್ರಗಳಿಗೆ ಹೋಲಿಸಿದ. ಇಂಗ್ಲೆಂಡಿನ ಜೆರೆಮಿ ಬೆಂಥಮ್ 1789ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದಕ್ಕೆ ವಿರುದ್ಧವಾದ ದಾರಿ ಹಿಡಿದ. ಪ್ರಾಣಿಗೆ ಬುದ್ಧಿಯಿದೆಯೇ, ಮಾತಿದೆಯೇ ಎಂದು ಕೇಳಬೇಡಿ, ಅದಕ್ಕೆ ನೋವಾಗುತ್ತದೆಯೇ ಎಂದು ಕೇಳಿ ಎಂಬುದು ಅವನ ವಾದದ ತಿರುಳು. ಸಂತ ತೋಮಸರು ಇನ್ನೊಂದು ಎಚ್ಚರಿಕೆ ಕೊಟ್ಟಿದ್ದರು. ಪ್ರಾಣಿಗಳ ಮೇಲೆ ಕ್ರೌರ್ಯ ತೋರಿಸುವವನ ಹೃದಯ ಮನುಷ್ಯರ ಮೇಲೂ ಕ್ರೂರವಾಗುವ ಅಪಾಯವಿದೆ ಎಂದು. ಪವಿತ್ರ ಬೈಬಲಿನ ಜ್ಞಾನೋಕ್ತಿಗಳ ಗ್ರಂಥವಂತೂ, ಸಾಕಿದ ಪಶುವಿನ ಅಗತ್ಯವನ್ನು ಅರಿಯುವುದನ್ನು ನೀತಿವಂತನ ಲಕ್ಷಣವೆಂದೇ ಎಣಿಸುತ್ತದೆ.

ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಾಡಿದ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಓಡಾಡಲು ಸಾಕಷ್ಟು ಉದ್ದ, ಅಗಲ, ಎತ್ತರ ಇಲ್ಲದ ಪಂಜರದಲ್ಲಿ ಪ್ರಾಣಿಯನ್ನು ಕೂಡಿಹಾಕುವುದನ್ನು ಅದರ 11ನೆಯ ಕಲಮು ಕ್ರೌರ್ಯವೆಂದು ಕರೆಯುತ್ತದೆ. ಹೊಡೆತ ಬಡಿತ ಮಾತ್ರ ಕ್ರೌರ್ಯವಲ್ಲ, ಜಾಗ ಕೊಡದಿರುವುದೂ ಕ್ರೌರ್ಯ. ಈ ಮಾತು ನಮ್ಮ ಮನಸ್ಸಿಗೆ ಇಳಿಯಬೇಕು.

ಬಡವರಿರುವಾಗ ಮೊಲಕ್ಕೆ ಅರಮನೆಯೇ?

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಏಳುತ್ತದೆ. ತಲೆಯ ಮೇಲೆ ಸೂರಿಲ್ಲದ ಮನುಷ್ಯರು ಊರಲ್ಲಿ ಇರುವಾಗ ಮೊಲಕ್ಕೆ ವಿಶಾಲವಾದ ಮನೆ ಕಟ್ಟುವುದು ಸರಿಯೇ?

ಧರ್ಮಸಭೆ ಈ ಪ್ರಶ್ನೆಯನ್ನು ಕಡೆಗಣಿಸಿಲ್ಲ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶದ 2418ನೆಯ ಪರಿಚ್ಛೇದ ಎರಡು ಮಾತುಗಳನ್ನು ಒಟ್ಟಿಗೆ ಹೇಳುತ್ತದೆ. ಪ್ರಾಣಿಗಳನ್ನು ವಿನಾಕಾರಣ ನರಳಿಸುವುದು ಮನುಷ್ಯನ ಘನತೆಗೆ ತಕ್ಕುದಲ್ಲ ಎಂಬುದು ಮೊದಲನೆಯದು. ಮನುಷ್ಯರ ಸಂಕಷ್ಟ ನೀಗಲು ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತಕ್ಕುದಲ್ಲ ಎಂಬುದು ಎರಡನೆಯದು. ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಮೊದಲನೆಯ ಮಾತನ್ನು ಮತ್ತೆ ನೆನಪಿಸಿದರು.

ಈ ಎರಡು ಮಾತುಗಳು ಒಂದಕ್ಕೊಂದು ಎದುರು ನಿಂತಂತೆ ಕಾಣುತ್ತವೆ. ಆದರೆ ಮೊಲದ ವಿಷಯದಲ್ಲಿ ಎರಡೂ ಸುಲಭವಾಗಿ ಕೂಡಿಕೊಳ್ಳುತ್ತವೆ. ಏಕೆಂದರೆ ಮೊಲಕ್ಕೆ ಬೇಕಾದದ್ದು ಹಣವಲ್ಲ, ನೆಲ. ಬಣ್ಣ ಬಳಿದ ಎರಡಂತಸ್ತಿನ ಪಂಜರ ಬಂದ ಅತಿಥಿಗಳ ಕಣ್ಣಿಗೆ ಮಾತ್ರ ಚೆಂದ. ಹಳೆಯ ಚಾಪೆ, ರಟ್ಟಿನ ಪೆಟ್ಟಿಗೆ, ಹತ್ತಡಿ ಜಾಲರಿ ಇದ್ದರೆ ಮೊಲಕ್ಕೆ ಅದೇ ಊರು. ದುಬಾರಿ ಪಂಜರ ಕೊಳ್ಳುವವನು ಹಣ ಕೊಟ್ಟು ಜಾಗ ಉಳಿಸಿಕೊಳ್ಳುತ್ತಾನೆ. ಜಾಗ ಕೊಡುವವನು ಹಣವನ್ನೂ ಉಳಿಸುತ್ತಾನೆ. ಆ ಉಳಿದ ಹಣ ಎಲ್ಲಿ ಸಲ್ಲಬೇಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಕಡಿಮೆ ಖರ್ಚಿನಲ್ಲಿ ವಿಶಾಲ ಮನೆ

ಎಷ್ಟು ಜಾಗ ಸಾಕು? ಬ್ರಿಟನ್ನಿನ ಮೊಲಗಳ ಕ್ಷೇಮಾಭಿವೃದ್ಧಿ ಸಂಸ್ಥೆಯೊಂದು ಎರಡು ಮೊಲಗಳಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಬೇಕೆಂದು ಹೇಳುತ್ತದೆ. ಅಂದರೆ ಸುಮಾರು 10 ಅಡಿಗೆ ಆರೂವರೆ ಅಡಿ. ನಮ್ಮ ಎರಡು ಕೋಣೆಯ ಮನೆಗಳಲ್ಲಿ ಅಷ್ಟನ್ನು ಹಗಲೂ ರಾತ್ರಿ ಬಿಟ್ಟುಕೊಡುವುದು ಕಷ್ಟ. ಹಾಗೆಂದು ಮೂರು ಚದರಡಿಯ ಪಂಜರಕ್ಕೇ ಮರಳಬೇಕಾಗಿಲ್ಲ.

ಹಜಾರದ ಒಂದು ಮೂಲೆಯನ್ನು ಆರಿಸಿಕೊಳ್ಳಿ. ಎರಡು ಬದಿಗೆ ಗೋಡೆಯಿದೆ. ಉಳಿದ ಎರಡು ಬದಿಗೆ, ಒಂದು ಕಡೆ 6 ಅಡಿ, ಇನ್ನೊಂದು ಕಡೆ 4 ಅಡಿ ಬೇಲಿ ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಅಡಿ ಲೆಕ್ಕದಲ್ಲಿ ಸಿಗುವ ವೆಲ್ಡ್ ಮೆಶ್ ಜಾಲರಿಯನ್ನು 3 ಅಡಿ ಎತ್ತರಕ್ಕೆ ಕೊಂಡು, ಹಳೆಯ ಮರದ ರೀಪರುಗಳ ಚೌಕಟ್ಟಿಗೆ ಹೊಡೆಯಿರಿ. ಕಣ್ಣುಗಳು ಒಂದು ಅಂಗುಲಕ್ಕಿಂತ ದೊಡ್ಡದಿದ್ದರೆ ಮರಿ ತಲೆ ಸಿಕ್ಕಿಸಿಕೊಂಡೀತು. ಕತ್ತರಿಸಿದ ತುದಿಗಳನ್ನು ಹೊರಕ್ಕೆ ಮಡಿಸಿ. ಈ ಹತ್ತಡಿ ಜಾಲರಿಯಿಂದ ನಿಮಗೆ 24 ಚದರಡಿ ಸಿಕ್ಕಿತು, ಅಂಗಡಿಯ ಪಂಜರದ ಎಂಟು ಪಾಲು! ಗೋಡೆಯ ಸುಣ್ಣ ಕೆರೆಯದಂತೆ ಬುಡಕ್ಕೆ ಒಂದು ಹಲಗೆ ಒರಗಿಸಿ.

ಮೊಸಾಯಿಕ್ ನೆಲ ಮೊಲಕ್ಕೆ ಜಾರುತ್ತದೆ. ಹುಲ್ಲಿನ ಚಾಪೆ ಹಾಸಿ. ಸ್ವಲ್ಪ ಕಡಿದರೂ ಕೆಡುಕಿಲ್ಲ. ಪ್ಲಾಸ್ಟಿಕ್ ಚಾಪೆ ಬೇಡ, ತುಂಡುಗಳು ಹೊಟ್ಟೆ ಸೇರುತ್ತವೆ. ದೊಡ್ಡ ರಟ್ಟಿನ ಪೆಟ್ಟಿಗೆಯೊಂದರ ಪಿನ್ನು, ಟೇಪುಗಳನ್ನು ತೆಗೆದು ಎರಡು ಬಾಗಿಲು ಕತ್ತರಿಸಿ ಬೋರಲು ಹಾಕಿ. ಅದೇ ಅದರ ಬಿಲ. ಎರಡು ಬಾಗಿಲು ಏಕೆಂದರೆ, ತಪ್ಪಿಸಿಕೊಳ್ಳಲು ಇನ್ನೊಂದು ದಾರಿಯಿದ್ದರೆ ಮೊಲಕ್ಕೆ ಧೈರ್ಯ. ಮೊಲ ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಮೂತ್ರ ಮಾಡುತ್ತದೆ. ಆ ಮೂಲೆಯನ್ನು ಗುರುತಿಸಿ ಹಳೆಯ ಟಬ್ಬೊಂದನ್ನು ಇಡಿ. ತಳಕ್ಕೆ ಹಳೆಯ ಪತ್ರಿಕೆ, ಮೇಲೆ ಒಣಹುಲ್ಲು. ಹುಲ್ಲು ತಿನ್ನುತ್ತಲೇ ಹಿಕ್ಕೆ ಹಾಕುವುದು ಅದರ ಅಭ್ಯಾಸ, ಹಾಗಾಗಿ ಬೇಗ ರೂಢಿಯಾಗುತ್ತದೆ. ದಿನವೂ ಬದಲಿಸಿದರೆ ವಾಸನೆಯಿಲ್ಲ, ಹಿಕ್ಕೆ ಹೂವಿನ ಕುಂಡಕ್ಕೆ ಒಳ್ಳೆಯ ಗೊಬ್ಬರ. ನೀರಿಗೆ ಮಗುಚಿ ಬೀಳದ ಭಾರದ ಮಣ್ಣಿನ ಬೋಗುಣಿ ಇರಲಿ.

ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತದೆ, ಅದು ಸವೆಯಬೇಕಾದರೆ ಹುಲ್ಲೇ ಬೇಕು. ಆಹಾರದ ಬಹುಪಾಲು ಹುಲ್ಲು, ಜೊತೆಗೆ ಒಂದಿಷ್ಟು ಸೊಪ್ಪು. ಕ್ಯಾರೆಟ್ ಅದಕ್ಕೆ ಮಿಠಾಯಿಯಿದ್ದಂತೆ, ಅಪರೂಪಕ್ಕೆ ಒಂದು ಚೂರು ಸಾಕು. ಅನ್ನ, ಬ್ರೆಡ್ಡು, ಬಿಸ್ಕತ್ತು ಬೇಡ. ಸೆಖೆಯನ್ನು ಅದು ತಾಳದು. 30 ಡಿಗ್ರಿ ದಾಟಿದರೆ ಜೀವಕ್ಕೇ ಅಪಾಯವಿದೆ. ಆದ್ದರಿಂದ ಬಿಸಿಲು ಹೊಡೆಯುವ ಬಾಲ್ಕನಿ ಬೇಡವೇ ಬೇಡ. ಬೇಸಿಗೆಯಲ್ಲಿ ಮೈಚಾಚಿ ಮಲಗಲು ಮಿಕ್ಕ ನೆಲಹಾಸಿನ ಒಂದು ಕಲ್ಲನ್ನು ಇಡಿ.

ಬೇಲಿ ಕಟ್ಟಿದರೆ ಕೆಲಸ ಮುಗಿಯಲಿಲ್ಲ. ಬೆಳಿಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು ಅದರ ಬಾಗಿಲು ತೆರೆದು ಹಜಾರದಲ್ಲಿ ಓಡಾಡಲು ಬಿಡಿ. ದೇವರ ಏರ್ಪಾಡು ನೋಡಿ: ಅದು ಚುರುಕಾಗಿರುವ ಹೊತ್ತೂ ಮನೆಮಂದಿ ಮನೆಯಲ್ಲಿರುವ ಹೊತ್ತೂ ಒಂದೇ. ವಿದ್ಯುತ್ ತಂತಿಗಳನ್ನು ಮಾತ್ರ ಮೇಲಕ್ಕೆ ಕಟ್ಟಿ, ಇಲ್ಲವೇ ಪೈಪಿನೊಳಗೆ ಸೇರಿಸಿ. ಮೊಲ ಸಂಗಜೀವಿ, ಜೊತೆ ಬೇಕು ನಿಜ. ಆದರೆ ಗಂಡು ಹೆಣ್ಣನ್ನು ಸುಮ್ಮನೆ ಕೂಡಿಬಿಟ್ಟರೆ 31 ದಿನಕ್ಕೆ ಮರಿಗಳ ಹಿಂಡು ಏಳುತ್ತದೆ. ಪಶುವೈದ್ಯರ ಸಲಹೆಯಿಲ್ಲದೆ ಎರಡನೆಯದನ್ನು ತರಬೇಡಿ.

ಇಷ್ಟೂ ಸಾಧ್ಯವಿಲ್ಲದ ಮನೆಗಳಿವೆ. ಬಾಡಿಗೆಯ ಒಂದೇ ಕೋಣೆಯಲ್ಲಿ ಆರು ಮಂದಿ ಮಲಗುವ ಕುಟುಂಬಗಳನ್ನು ನಾನು ಬಲ್ಲೆ. ಅಂಥ ಮನೆಯ ತಂದೆ ಮಗುವನ್ನು ಬಳಿಗೆ ಕರೆದು, 'ಮೊಲ ಬೇಡ ಮಗು, ಅದಕ್ಕೆ ಓಡಲು ನಮ್ಮಲ್ಲಿ ಜಾಗವಿಲ್ಲ' ಎಂದು ಹೇಳಿದರೆ ಅದು ಬಡತನದ ಮಾತಲ್ಲ, ನ್ಯಾಯದ ಮಾತು. ಆ ಮಗು ಅಂದು ಕಲಿಯುವ ಪಾಠ ದೊಡ್ಡದು.

ತೋಳಿನಿಂದ ಇಳಿಸುವ ಪ್ರೀತಿ

ಅಸ್ಸಿಸಿಯ ಸಂತ ಫ್ರಾನ್ಸಿಸರ ಮೊದಲ ಜೀವನ ಚರಿತ್ರೆಯನ್ನು ಬರೆದ ಚೆಲಾನೋದ ತೋಮಸರು ಒಂದು ಪ್ರಸಂಗವನ್ನು ಹೇಳುತ್ತಾರೆ. ಸಂತರು ಗ್ರೆಚ್ಚೊ ಎಂಬ ಊರಿನಲ್ಲಿದ್ದಾಗ, ಬಲೆಗೆ ಸಿಕ್ಕಿದ ಮೊಲದ ಮರಿಯೊಂದನ್ನು ಸಹೋದರನೊಬ್ಬ ಜೀವಂತ ತಂದುಕೊಟ್ಟ. ಅದು ಸಂತರ ಮಡಿಲಲ್ಲಿ ಹೆದರಿಕೆಯಿಲ್ಲದೆ ಕುಳಿತುಬಿಟ್ಟಿತು. ಅವರು ಅದನ್ನು ನೇವರಿಸಿದರು, ಆಮೇಲೆ ಕಾಡಿಗೆ ಹೋಗಲೆಂದು ನೆಲಕ್ಕೆ ಬಿಟ್ಟರು. ಬಿಟ್ಟಾಗಲೆಲ್ಲ ಅದು ಮತ್ತೆ ಮಡಿಲಿಗೇ ಬಂತು. ಕೊನೆಗೆ ಅದನ್ನು ಹತ್ತಿರದ ಕಾಡಿಗೆ ಕೊಂಡೊಯ್ಯುವಂತೆ ಅವರು ಸಹೋದರರಿಗೆ ಹೇಳಿದರು.

ಮಡಿಲಿಗೆ ತಾನಾಗಿ ಬಂದದ್ದನ್ನೂ ಅವರು ತನ್ನದೆಂದು ಇಟ್ಟುಕೊಳ್ಳಲಿಲ್ಲ! ಹಿಡಿದುಕೊಳ್ಳುವುದು ಒಂದು ಪ್ರೀತಿ, ಜಾಗ ಕೊಡುವುದು ಇನ್ನೊಂದು. ಮೊದಲನೆಯದರಲ್ಲಿ ನಮ್ಮ ಸುಖವಿದೆ, ಎರಡನೆಯದರಲ್ಲಿ ಪ್ರೀತಿಸಲ್ಪಟ್ಟ ಜೀವದ ಸುಖವಿದೆ. ನಮ್ಮ ಸಾಕುಮೊಲವನ್ನು ಹಾಗೆ ಕಾಡಿಗೆ ಬಿಡುವಂತಿಲ್ಲ. ಅಲ್ಲಿ ಅದು ನಾಯಿಗೋ ಹದ್ದಿಗೋ ಒಂದೇ ದಿನದಲ್ಲಿ ತುತ್ತಾಗುತ್ತದೆ. ಕಾಡಿಗೆ ಕಳಿಸಲಾಗದ ಕಾರಣಕ್ಕೇ ಮನೆಯೊಳಗೆ ಅದಕ್ಕೆ ನೆಲ ಬಿಟ್ಟುಕೊಡುವ ಋಣ ನಮ್ಮ ಮೇಲಿದೆ.

ಮೊಲಕ್ಕೆ ಎತ್ತಿಕೊಳ್ಳುವುದೂ ಇಷ್ಟವಿಲ್ಲ. ಮೇಲಕ್ಕೆತ್ತಿದ ಕ್ಷಣ ಹದ್ದು ಹಿಡಿದಂತೆ ಅದು ಬೆದರುತ್ತದೆ. ಆದ್ದರಿಂದ ಮಗುವಿಗೆ, 'ಎತ್ತಬೇಡ, ಬೇಲಿಯೊಳಗೆ ನೆಲದ ಮೇಲೆ ಸುಮ್ಮನೆ ಕೂತುಕೋ, ಅದೇ ಬರುತ್ತದೆ' ಎಂದು ಕಲಿಸಿ. ಒಂದು ದಿನ ಬರುವುದಿಲ್ಲ, ಎರಡು ದಿನ ಬರುವುದಿಲ್ಲ. ಒಂದು ಸಂಜೆ ತಾನಾಗಿ ಬಂದು ಮೂಗಿನಿಂದ ಕಾಲನ್ನು ಮುಟ್ಟುತ್ತದೆ. ಕಾಯುವುದನ್ನು, ತಗ್ಗುವುದನ್ನು, ಇನ್ನೊಬ್ಬರ ಇಷ್ಟಕ್ಕೆ ಎಡೆಕೊಡುವುದನ್ನು ಆ ಮಗು ಹಾಗೆ ಕಲಿಯುತ್ತದೆ.

ಆ ಪಾಠ ಹಜಾರದ ಮೂಲೆಯಲ್ಲೇ ಉಳಿಯುವುದಿಲ್ಲ. ಮನೆಯಲ್ಲಿ ದೂರು ಹೇಳದವರು ಇನ್ನೂ ಇದ್ದಾರಲ್ಲವೇ? ಹಿಂದಿನ ಕೋಣೆಯಲ್ಲಿ ಮಲಗಿರುವ ಅಜ್ಜಿ ಇದ್ದಾಳೆ. ಅಡುಗೆಮನೆಯ ನೆಲದಲ್ಲಿ ಊಟಕ್ಕೆ ಕೂರುವ ಮನೆಗೆಲಸದಾಕೆ ಇದ್ದಾಳೆ. ಮನುಷ್ಯರ ಘನತೆ ಮೊಲಕ್ಕಿಂತ ಎಷ್ಟೋ ಮೇಲಿನದು. ಮೊಲದ ಮೌನವನ್ನು ಅರ್ಥಮಾಡಿಕೊಂಡ ಮನೆ ಇವರ ಮೌನವನ್ನು ಕೇಳದೆ ಇರಲಾರದು, ಇರಬಾರದು.

ನಿಮ್ಮ ಮನೆಯಲ್ಲಿ ಈಗಾಗಲೇ ಪಂಜರದಲ್ಲಿ ಮೊಲವಿದ್ದರೆ ಹೊಸ ಬೇಲಿ ಸಿದ್ಧವಾಗುವವರೆಗೆ ಕಾಯಬೇಡಿ. ಇಂದು ಸಂಜೆ ಹಜಾರದ ಬಾಗಿಲು ಹಾಕಿ, ನೆಲಕ್ಕೆ ಚಾಪೆ ಹಾಸಿ, ಪಂಜರದ ಬಾಗಿಲು ತೆರೆಯಿರಿ. ಮೊದಲು ಅದು ಹೊರಬರಲು ಹೆದರೀತು. ನೀವು ನೆಲದ ಮೇಲೆ ಕುಳಿತು ಕಾಯಿರಿ.