ಆಯುಧ ಕಿತ್ತುಕೊಂಡವರ ಹೊಣೆ

‘ಶಿಬಿರ ಯಾರ ನೆಲದಲ್ಲಿದೆಯೋ ಅವರೇ ನೋಡಿಕೊಳ್ಳಲಿ, ಹೊರಗಿನವರಿಗೇನು ಕೆಲಸ?’ ಸರ್ಕಾರವನ್ನು ಎದುರುಹಾಕಿಕೊಂಡು ದೇಶ ಬಿಟ್ಟವರ ಮಾತು ಬಂದಾಗಲೆಲ್ಲ ಈ ವಾದ ಕೇಳಿಬರುತ್ತದೆ. ತಿಳಿದವರ ಬಾಯಲ್ಲೇ ಕೇಳಿದರಂತೂ ಮೈಯುರಿಯುತ್ತದೆ. ಈ ವಾದಕ್ಕೆ ಎಷ್ಟು ಜೀವ ತೆರಬೇಕಾಗುತ್ತದೆಂದು ಇರಾಕಿನ ಅಶ್ರಫ್ ಶಿಬಿರ ಆಗಲೇ ತೋರಿಸಿಕೊಟ್ಟಿದೆ.

ಬಾಗ್ದಾದಿನ ಉತ್ತರಕ್ಕೆ, ದಿಯಾಲಾ ಪ್ರಾಂತ್ಯದಲ್ಲಿದ್ದ ಆ ಶಿಬಿರದವರು ಇರಾನಿನ ಮುಜಾಹಿದೀನ್-ಎ-ಖಲ್ಕ್ ಸಂಘಟನೆಯ ಸದಸ್ಯರು. 1986ರಿಂದ ಸದ್ದಾಂ ಹುಸೇನ್ ಆಶ್ರಯದಲ್ಲಿದ್ದವರು. 2003ರಲ್ಲಿ ಅಮೆರಿಕದ ಸೇನೆ ಅವರ ಟ್ಯಾಂಕು, ಬಂದೂಕುಗಳನ್ನು ತೆಗೆದುಕೊಂಡಿತು. ಹಿಂಸೆ ಬಿಟ್ಟೆವೆಂದು ಸಹಿ ಹಾಕಿಸಿಕೊಂಡು, 2004ರಲ್ಲಿ ನಾಲ್ಕನೇ ಜಿನೀವಾ ಒಪ್ಪಂದದ ಪ್ರಕಾರ ‘ಸಂರಕ್ಷಿತ ವ್ಯಕ್ತಿಗಳು’ ಎಂದಿತು. 2009ರಲ್ಲಿ ಶಿಬಿರವನ್ನು ಇರಾಕಿಗೆ ಒಪ್ಪಿಸಿ ಪಕ್ಕಕ್ಕೆ ಸರಿಯಿತು. ಅದೇ ವರ್ಷದ ಜುಲೈನಲ್ಲಿ ಇರಾಕಿ ಪಡೆಗಳು ಒಳನುಗ್ಗಿದವು. 2011ರ ಏಪ್ರಿಲ್‌ನಲ್ಲಿ ಮತ್ತೆ ನುಗ್ಗಿದಾಗ ಸತ್ತವರು 30ಕ್ಕೂ ಹೆಚ್ಚು. ಆಮೇಲೆ ಬಹುಪಾಲು ಜನರನ್ನು ಬಾಗ್ದಾದ್ ಬಳಿಯ ಲಿಬರ್ಟಿ ಶಿಬಿರಕ್ಕೆ ಸಾಗಿಸಿದರು. ಆಸ್ತಿಪಾಸ್ತಿ ನೋಡಿಕೊಳ್ಳಲು ಅಶ್ರಫ್‌ನಲ್ಲೇ ಉಳಿದವರು ಸುಮಾರು ನೂರು ಮಂದಿ. 2013ರ ಸೆಪ್ಟೆಂಬರ್ 1ರಂದು ಅವರಲ್ಲಿ 52 ಜನ ಹತರಾದರು. ಸ್ಥಳಕ್ಕೆ ಹೋದ ವಿಶ್ವಸಂಸ್ಥೆಯ ತಂಡಕ್ಕೆ ಕಂಡ ಶವಗಳಲ್ಲಿ ಹೆಚ್ಚಿನವಕ್ಕೆ ಗುಂಡು ಬಿದ್ದದ್ದು ತಲೆಗೆ ಮತ್ತು ಮೈಯ ಮೇಲ್ಭಾಗಕ್ಕೆ. ಕೆಲವರ ಕೈ ಕಟ್ಟಿತ್ತು.

ಮನುಷ್ಯರೆಲ್ಲ ಒಂದೇ, ಎಲ್ಲರ ಹೊಣೆ ಎಲ್ಲರದು ಎನ್ನುವ ವಿಶ್ವಪೌರತ್ವದ ಪರಂಪರೆಯೊಂದಿದೆ. ತಪ್ಪೇನಲ್ಲ. ಆದರೆ ಯಾರ ಬಾಗಿಲು ತಟ್ಟಬೇಕೆಂದು ಅದು ಹೇಳುವುದಿಲ್ಲ. ನಿಜವಾಗಿ ಸೆಣಸಬೇಕಾದದ್ದು ರಾಜಕೀಯ ಚಿಂತಕ ಮೈಕೆಲ್ ವಾಲ್ಜರ್ ಜೊತೆ.

1983ರ ‘ಸ್ಫಿಯರ್ಸ್ ಆಫ್ ಜಸ್ಟಿಸ್’ ಪುಸ್ತಕದಲ್ಲಿ ವಾಲ್ಜರ್ ಹೇಳುವ ಪ್ರಕಾರ, ಯಾರನ್ನು ಒಳಗೆ ಬಿಟ್ಟುಕೊಳ್ಳಬೇಕೆಂಬುದು ಆಯಾ ಸಮುದಾಯಕ್ಕೆ ಬಿಟ್ಟದ್ದು. ಆದರೂ ಎರಡು ಬಗೆಯ ನಿರಾಶ್ರಿತರ ಹಕ್ಕು ಗಟ್ಟಿ. ಒಂದು, ನಮ್ಮಿಂದಲೇ ನೆಲೆ ಕಳೆದುಕೊಂಡವರು, ಅಮೆರಿಕಕ್ಕೆ ವಿಯೆಟ್ನಾಮಿಗಳಿದ್ದಂತೆ. ಇನ್ನೊಂದು, ನಮ್ಮ ನಂಬಿಕೆಗಳನ್ನೇ ನಂಬಿ ಪೆಟ್ಟು ತಿಂದವರು. ಮೊದಲನೆಯದನ್ನು ಒಪ್ಪಲೇಬೇಕು. ಅಷ್ಟೇ ಅಲ್ಲ, ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು: ಒಬ್ಬನ ಕೈಯಿಂದ ಆಯುಧ ಕಿತ್ತುಕೊಂಡವನು ಅವನ ಜೀವದ ಹೊಣೆಯನ್ನೂ ಹೊತ್ತಂತೆಯೇ. ಆ ಹೊಣೆಯನ್ನು ಕಾಗದದ ಮೇಲೆ ಮೂರನೆಯವನಿಗೆ ದಾಟಿಸಿ ಕೈತೊಳೆದುಕೊಳ್ಳಲು ಬರುವುದಿಲ್ಲ.

ತೊಡಕಿರುವುದು ಎರಡನೆಯದರಲ್ಲಿ, ನಂಬಿಕೆಯ ನೆಂಟಸ್ತಿಕೆಯಲ್ಲಿ. ಕುಶಾಲನಗರದಲ್ಲಿ ಬೆಳೆದ ಈ ಲೇಖಕಿಗೆ ಬೈಲುಕುಪ್ಪೆಯ ಟಿಬೆಟನ್ನರು ನೆರೆಯವರು. ಅವರ ಸ್ವೆಟರ್ ತೊಟ್ಟು, ಅವರ ಹೋಟೆಲಿನಲ್ಲಿ ತುಕ್ಪಾ ಕುಡಿದು ದೊಡ್ಡವಳಾದದ್ದು. ಬುದ್ಧನ ನಾಡೆಂಬ ನೆಂಟಸ್ತಿಕೆ ಬೇರೆ. ಆದರೂ ಶಾಲೆಯ ಗೆಳತಿಯೊಬ್ಬಳ ಮನೆಯಲ್ಲಿ ಬೀರುವಿನ ಬಟ್ಟೆಗಳ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ವಸ್ತು ಒಡವೆಯಲ್ಲ, ನೋಂದಣಿ ಪತ್ರ. ವಿದೇಶೀಯರೆಂದು ಅದನ್ನು ಆಗಾಗ ನವೀಕರಿಸಬೇಕು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. 2019ರಲ್ಲಿ ಷಿ ಜಿನ್‌ಪಿಂಗ್ ಮಾಮಲ್ಲಪುರಕ್ಕೆ ಬಂದಾಗ ಟಿಬೆಟನ್ ಕಾರ್ಯಕರ್ತರನ್ನೂ ವಿದ್ಯಾರ್ಥಿಗಳನ್ನೂ ಪೊಲೀಸರು ವಶಕ್ಕೆ ತೆಗೆದುಕೊಂಡರು. ಇಷ್ಟು ಪ್ರೀತಿಯಿದ್ದಲ್ಲೇ ಹೀಗೆ. ಇನ್ನು ನೆಂಟಸ್ತಿಕೆಯೇ ಇಲ್ಲದವರ ಗತಿ?

ಅಶ್ರಫ್‌ನವರಿಗೆ ನೆಂಟರೇ ಇರಲಿಲ್ಲವೆನ್ನಬೇಕು. ಸದ್ದಾಂ ಜೊತೆ ಸೇರಿ ತಮ್ಮ ದೇಶದ ಮೇಲೆಯೇ ಯುದ್ಧ ಮಾಡಿದವರು. 1997ರಿಂದ 2012ರವರೆಗೆ ಅಮೆರಿಕದ ಭಯೋತ್ಪಾದಕ ಪಟ್ಟಿಯಲ್ಲಿದ್ದವರು. ಸಂರಕ್ಷಿತರೆಂದದ್ದೂ ಅದೇ ಅಮೆರಿಕ. ವಾಲ್ಜರ್ ಲೆಕ್ಕದಲ್ಲಿ ಇಂಥವರು ಸಾಲಿನ ಕೊನೆಗೆ ನಿಲ್ಲುತ್ತಾರೆ. ಆದರೆ ರಕ್ಷಣೆ ಒಳ್ಳೆಯತನಕ್ಕೆ ಕೊಡುವ ಬಹುಮಾನವಲ್ಲ.

ಹಾಗಿದ್ದೂ ವಾಲ್ಜರ್‌ಗೆ ಒಂದು ಮಾತು ಬಿಟ್ಟುಕೊಡಲೇಬೇಕು. ಸಂಬಂಧವಿಲ್ಲದೆ ಯಾರೂ ಕದಲುವುದಿಲ್ಲ. ಕೊನೆಗೆ 2016ರ ಸೆಪ್ಟೆಂಬರ್‌ನಲ್ಲಿ ಉಳಿದವರೆಲ್ಲ ಅಲ್ಬೇನಿಯಾ ತಲುಪಿದ್ದಕ್ಕೆ ವಿಶ್ವಸಂಸ್ಥೆಯ ಖಂಡನೆಗಳಷ್ಟೇ ಕಾರಣವಲ್ಲ, ಅಮೆರಿಕ ಬೆನ್ನು ಹತ್ತಿದ್ದೂ ಕಾರಣ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಠಿಣ. ಸಂಘಟನೆ ಬಿಡಬಯಸಿದವರನ್ನು ಶಿಬಿರದೊಳಗೇ ಕೂಡಿಹಾಕಿ ಹಿಂಸಿಸಿದ್ದರೆಂಬ ಮಾಜಿ ಸದಸ್ಯರ ಹೇಳಿಕೆಗಳನ್ನು ಹ್ಯೂಮನ್ ರೈಟ್ಸ್ ವಾಚ್ 2005ರಲ್ಲಿ ಪ್ರಕಟಿಸಿತು. ಸಂಘಟನೆ ಅದನ್ನು ಅಲ್ಲಗಳೆಯಿತು. ಇಡೀ ಗುಂಪಿಗೆ ರಕ್ಷಣೆ ಕೊಟ್ಟರೆ ಒಬ್ಬೊಂಟಿ ಭಿನ್ನಮತೀಯ ನಾಯಕರ ಕೈಗೆ ಸಿಕ್ಕಿಬೀಳುತ್ತಾನೆ. ಗುಂಪನ್ನು ಒಡೆದರೆ ಶತ್ರುವಿಗೆ ದಾರಿಯಾಗುತ್ತದೆ. ವಿಶ್ವಸಂಸ್ಥೆ ಒಬ್ಬೊಬ್ಬರನ್ನೇ ಸಂದರ್ಶಿಸಬೇಕೆಂದು ಪಟ್ಟು ಹಿಡಿದದ್ದು ಸರಿಯೇ. ಆದರೆ ಬೇಲಿಯೊಳಗಿನ ಭಯ ಸಂದರ್ಶನದ ಕೋಣೆಗೂ ಹಿಂಬಾಲಿಸಿ ಬಂದರೆ?

ಆಯುಧ ಕಿತ್ತುಕೊಂಡವರದೇ ಹೊಣೆ ಎಂಬ ಮಾತಿಗೆ ಈ ಲೇಖಕಿ ಈಗಲೂ ಬದ್ಧಳು. ಆ ಹೊಣೆ ಬೇಲಿಯ ಒಳಗೆ ಎಲ್ಲಿಯವರೆಗೆ ಹೋಗಬೇಕೆಂಬುದು ಮಾತ್ರ ಬಗೆಹರಿದಿಲ್ಲ. 2023ರ ಜೂನ್‌ನಲ್ಲಿ, ಅದೇ ಜನರಿಗೆ ಆಶ್ರಯ ಕೊಟ್ಟ ಅಲ್ಬೇನಿಯಾದ ಪೊಲೀಸರೇ ನ್ಯಾಯಾಲಯದ ಆದೇಶ ಹಿಡಿದು ಅವರ ಹೊಸ ಶಿಬಿರವನ್ನು ಶೋಧಿಸಿದರು.