ಎದೆಯ ಗಾಯವೂ ಇಷ್ಟಲಿಂಗವೂ

ಶಿವಶರಣರು ದೇಹವನ್ನು ಹೀಗಳೆದವರಲ್ಲ. ದೇಹವೇ ದೇಗುಲವೆಂಬುದು ಬಸವಣ್ಣನವರ ಅನುಭಾವದ ತಿರುಳು. ಹಾಗಿದ್ದ ಮೇಲೆ ಆಗತಾನೆ ಹುಟ್ಟಿದ ಶಿಶುವಿನ ಒಡಲೂ ದೇಗುಲವೇ ಸರಿ. ಆ ದೇಗುಲದ ಗರ್ಭಗುಡಿಯಲ್ಲಿಯೇ ಬಿರುಕು ಕಂಡಾಗ ಮನೆಯವರು ಮಾಡತಕ್ಕುದೇನು ಎಂಬುದು ಕೇವಲ ವೈದ್ಯರ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಸಾವಿರ ಶಿಶುಗಳಲ್ಲಿ ಸುಮಾರು ಎಂಟೊಂಬತ್ತು ಶಿಶುಗಳು ಹೃದಯದ ನ್ಯೂನತೆಯೊಡನೆ ಜನಿಸುತ್ತವೆ. ಬಸಿರಿನ ಮೊದಲ ಎಂಟು ವಾರಗಳಲ್ಲಿಯೇ ಹೃದಯವು ರೂಪುಗೊಂಡಿರುತ್ತದೆ. ಆ ವೇಳೆಗೆ ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿಯರೆಂಬುದೇ ದೃಢಪಟ್ಟಿರುವುದಿಲ್ಲ. ಬಹುಪಾಲು ಶಿಶುಗಳಲ್ಲಿ ಇಂಥದೇ ಕಾರಣವೆಂದು ಬೆರಳಿಟ್ಟು ತೋರಿಸುವುದೂ ಸಾಧ್ಯವಾಗುವುದಿಲ್ಲ. ಹೀಗಿದ್ದೂ ಗ್ರಹಣ ನೋಡಿದಳೆಂದೋ, ಹಿಂದಿನ ಜನ್ಮದ ಕರ್ಮವೆಂದೋ ಬಾಣಂತಿಯ ಮೇಲೆ ದೋಷವನ್ನು ಹೊರಿಸುವ ನಾಲಗೆಗಳು ನಮ್ಮ ಮನೆಗಳಲ್ಲಿ ಇನ್ನೂ ಅಡಗಿಲ್ಲ. ಶರಣರ ಹೆಸರನ್ನು ಹೇಳುವ ಬಾಯಿಗೆ ಇದು ಸಲ್ಲದ ಮಾತು.

ಹೃದಯದಿಂದ ಹೊರಡುವ ಎರಡು ಮಹಾನಾಳಗಳು ಅದಲುಬದಲಾಗಿ ಹುಟ್ಟುವ ಶಿಶುಗಳುಂಟು. ಅವನ್ನು ಸ್ವಸ್ಥಾನಕ್ಕೆ ತಿರುಗಿಸಿ ಹೊಲಿಯುವ ಶಸ್ತ್ರಕ್ರಿಯೆಯು 1975ರಲ್ಲಿ ಬ್ರೆಜಿಲ್ ದೇಶದ ಡಾ. ಅದೀಬ್ ಜಟೇನೆ ಅವರ ಕೈಯಲ್ಲಿ ಮೊದಲು ಸಫಲವಾಯಿತು. ಹೃದಯವಾದರೋ ಆ ಶಿಶುವಿನ ಮುಷ್ಟಿಯಷ್ಟೇ ಗಾತ್ರದ್ದು! ನಮ್ಮ ಕರಾವಳಿಯ ಕಿನ್ನಿಗೋಳಿಯಲ್ಲಿ ಹುಟ್ಟಿದ ಡಾ. ದೇವಿ ಶೆಟ್ಟಿಯವರು 1992ರಲ್ಲಿ ಕಲ್ಕತ್ತೆಯಲ್ಲಿ ನವಜಾತ ಶಿಶುವೊಂದರ ಹೃದಯಕ್ಕೆ ಶಸ್ತ್ರಕ್ರಿಯೆ ನಡೆಸಿದರು. ವೈದ್ಯನ ಕಾಯಕ ಅಲ್ಲಿಗೆ ಒಂದು ಹಂತ ಮುಟ್ಟುತ್ತದೆ. ಮನೆಯವರ ಕಾಯಕ ಆಮೇಲಿನದು.

ಕೆಳದಿಯ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಕುಂದಾಪುರದ ಸೀಮೆಯಲ್ಲಿ ಇಂಥ ಒಂದು ವೀರಶೈವ ಮನೆಯನ್ನು ಭಾವಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಶಸ್ತ್ರಕ್ರಿಯೆ ಮುಗಿದು, ಘಟ್ಟವಿಳಿದು, ಶಿಶು ಮನೆಗೆ ಬಂದಿದೆ. ಹೊರಗೆ ಆಷಾಢದ ಮಳೆ. ಎದೆಯ ನಡುವೆ ನೇರವಾದ ಗಾಯದ ಗೆರೆ. ಎದೆಯ ಮೂಳೆ ಕೂಡಿಕೊಳ್ಳಲು ಸುಮಾರು ಆರು ವಾರ ಬೇಕು. ಅಲ್ಲಿಯವರೆಗೆ ಕಂಕುಳಿಗೆ ಕೈಯಿಟ್ಟು ಎತ್ತಲಾಗದು. ಒಂದು ಕೈ ತಲೆ ಕತ್ತುಗಳ ಅಡಿಗೆ, ಇನ್ನೊಂದು ಕೈ ಕುಂಡೆಯ ಅಡಿಗೆ ಕೊಟ್ಟು, ತುಂಬಿದ ಹರಿವಾಣವನ್ನು ಎತ್ತುವಂತೆ ಎತ್ತಬೇಕು. ಗಾಯಕ್ಕೆ ಎಣ್ಣೆ ಸೋಕಕೂಡದು. ಮೂರು ತಲೆಮಾರಿನ ಕೂಸುಗಳನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ಮೀಯಿಸಿದ ಅಜ್ಜಿಯ ಕೈಗೆ ಇದು ಕಠಿಣವಾದ ಶಿಕ್ಷೆಯೇ.

ಅಜ್ಜಿಗೆ ಅದಕ್ಕಿಂತ ದೊಡ್ಡ ಕೊರಗು ಬೇರೊಂದುಂಟು. ಶಿಶುವಿಗೆ ಧಾರಣ ಮಾಡಿದ ಇಷ್ಟಲಿಂಗವನ್ನು ಶಸ್ತ್ರಕ್ರಿಯೆಯ ದಿನ ತೆಗೆಯಬೇಕಾಯಿತು. ಗಾಯ ಮಾಯುವವರೆಗೆ ಎದೆಯ ಮೇಲೆ ದಾರವಾಗಲಿ ಬಟ್ಟೆಯ ಗಂಟಾಗಲಿ ಬೇಡವೆಂದು ವೈದ್ಯರ ಅಪ್ಪಣೆ. ಅಂಗದಿಂದ ಲಿಂಗ ಅಗಲಿದರೆ ಶಿಶುವಿನ ಗತಿಯೇನು?

“ಅಯ್ಯನವರೇ, ಲಿಂಗವಿಲ್ಲದ ಶಿಶು ತೊಟ್ಟಿಲಲ್ಲಿ ಮಲಗಿದೆ, ನನ್ನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ” ಎಂದು ಆಕೆ ಮನೆಗೆ ಬಂದ ಜಂಗಮರ ಮುಂದೆ ಕಣ್ಣೀರಿಡುತ್ತಾಳೆ.

“ತಾಯಿ, ಬಸುರಿಗೆ ಎಂಟನೆಯ ತಿಂಗಳಲ್ಲಿ ಗರ್ಭದ ಶಿಶುವಿನ ಲಿಂಗವನ್ನು ಯಾರ ಅಂಗದ ಮೇಲೆ ಕಟ್ಟುವ ಸಂಪ್ರದಾಯ?”

“ಹೆತ್ತವಳ ಮೇಲೆ.”

“ಈಗಲೂ ಅವಳೇ ಧರಿಸಲಿ. ಇನ್ನು ಆರು ವಾರ ಶಿಶು ಗರ್ಭದಲ್ಲಿಯೇ ಇದೆಯೆಂದು ತಿಳಿಯಿರಿ.”

ಈ ಮಾತು ಹುಸಿ ಸಮಾಧಾನವಲ್ಲ. ನುಲಿಯ ಚಂದಯ್ಯನವರು ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ಬಿದ್ದರೂ ಕಾಯಕವನ್ನು ನಿಲ್ಲಿಸಲಿಲ್ಲ. ಲಿಂಗವೇ ಅವರ ಬೆನ್ನು ಹತ್ತಿ ಬಂದಿತೆಂದು ಶರಣಚರಿತೆ ಹೇಳುತ್ತದೆ. ಲಿಂಗವನ್ನು ಅವರು ಕಡೆಗಣಿಸಿದರೆಂದು ಯಾರೂ ಅರ್ಥಮಾಡಿಲ್ಲ.

ಇನ್ನು ಸೂತಕದ ಮಾತು. ಶರಣರು ಜನನಸೂತಕವನ್ನು ತಳ್ಳಿಹಾಕಿದರು, ಬಾಣಂತಿ ಅಸ್ಪೃಶ್ಯಳಲ್ಲ. ಇದನ್ನೇ ಹಿಡಿದು ನೆಂಟರು ಕೆಮ್ಮು ನೆಗಡಿಗಳೊಡನೆ ತೊಟ್ಟಿಲು ನೋಡಲು ನುಗ್ಗಿದರೆ ಅದು ಶರಣತತ್ತ್ವವಲ್ಲ, ಅವಿವೇಕ. ಬಾಗಿಲಲ್ಲಿ ಸಾಬೂನಿಟ್ಟು ಕೈ ತೊಳೆಯಿರೆನ್ನುವುದು ಮಡಿಯೂ ಅಲ್ಲ, ಮೈಲಿಗೆಯೂ ಅಲ್ಲ. ದಾಸೋಹ ಮಾಡಬೇಕೆನ್ನುವವರು ಬಾಣಂತಿಗೆ ಬಿಸಿ ಗಂಜಿಯನ್ನು ಕಳುಹಲಿ, ಆಸ್ಪತ್ರೆಗೆ ಹೋಗುವ ದಿನ ವಾಹನ ಒದಗಿಸಲಿ. 1953ರಲ್ಲಿ ವೈದ್ಯವಿದ್ಯಾಲಯ ತಲೆಯೆತ್ತಿದ ಮಣಿಪಾಲ ಅಲ್ಲಿಂದ ಸುಮಾರು 40 ಕಿಲೋಮೀಟರು. ಮಳೆಗಾಲದ ಇರುಳಿನಲ್ಲಿ ಅದೂ ದೂರವೇ.

ಏಕೆಂದರೆ ಕಾಯುವ ಕಣ್ಣು ಮುಚ್ಚುವಂತಿಲ್ಲ. ಹಾಲು ಕುಡಿಯುತ್ತಲೇ ಶಿಶು ದಣಿದು ಬೆವರಿದರೆ, ಉಸಿರು ತ್ವರಿತವಾದರೆ, ತುಟಿ ನೀಲಿಗಟ್ಟಿದರೆ, ಜ್ವರ ಬಂದರೆ, ಗಾಯ ಕೆಂಪೇರಿ ಒಸರಿದರೆ ಬೆಳಗಾಗಲೆಂದು ಕಾಯದೆ ವೈದ್ಯರಲ್ಲಿಗೆ ಒಯ್ಯಬೇಕು. ಹಾಲನ್ನು ಸ್ವಲ್ಪಸ್ವಲ್ಪವಾಗಿ ಮೇಲಿಂದ ಮೇಲೆ ಊಡಬೇಕು. ಮದ್ದಿನ ಹನಿಯನ್ನು ಅಳತೆ ತಪ್ಪದೆ ಕೊಡಬೇಕು.

ಆ ಮನೆಯಲ್ಲಿ ನಡುರಾತ್ರಿಯ ಮದ್ದು ತಂದೆಯ ಪಾಲಿನದು. ಎರಡು ಲಿಂಗಗಳನ್ನು ಧರಿಸಿದ ತಾಯಿ ಗೋಡೆಗೊರಗಿ ಹಾಲೂಡುತ್ತಾಳೆ. ಎಣ್ಣೆಯ ಗಿಂಡಿಯನ್ನು ನಾಗಂದಿಗೆಯ ಮೇಲಿರಿಸಿದ ಅಜ್ಜಿ ಒಲೆಯ ಬಳಿ ಬಟ್ಟೆಗಳನ್ನು ಒಣಗಿಸುತ್ತ, ಇಂದು ಎಷ್ಟು ತೊಯ್ದವೆಂದು ಎಣಿಸಿ ಮಗನಿಗೆ ಬರೆಯಹೇಳುತ್ತಾಳೆ.