ತಪ್ಪಿನ ವಿಳಾಸ

ಕೆಲಸ ಕೆಟ್ಟಾಗ ನಮಗೆ ಮೊದಲು ಬೇಕಾಗುವುದು ಕಾರಣವಲ್ಲ, ಒಬ್ಬ ಅಪರಾಧಿ. ಅವನು ಸಿಕ್ಕಿಬಿಟ್ಟರೆ ಕಾರಣವೂ ಸಿಕ್ಕಿತೆಂದು ಮನಸ್ಸು ನೆಮ್ಮದಿಗೊಳ್ಳುತ್ತದೆ. ಇದು ನ್ಯಾಯವೆ? ಈ ಪ್ರಶ್ನೆ ನನ್ನನ್ನು ಕಾಡಿದ್ದು ಧರ್ಮಗ್ರಂಥವನ್ನೋದುವಾಗ ಅಲ್ಲ. ಯಲಹಂಕದ ನಮ್ಮ ಮನೆಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ, ಒಂದು ಹಳೆಯ ಕಾರಿನ ಮುಂದೆ ಮಂಡಿಯೂರಿ ಕುಳಿತಿದ್ದಾಗ. ವಾಚಕರು ನಗಬಹುದು.

ಅದು ಎಂ.ಜಿ. ಟಿ.ಡಿ. ಕಾರು, 1952ರಲ್ಲಿ ಇಂಗ್ಲೆಂಡಿನ ಆಬಿಂಗ್‌ಡನ್ನಿನಲ್ಲಿ ಹುಟ್ಟಿದ್ದು. ಎರಡೇ ಆಸನ, 1250 ಸಿ.ಸಿ.ಯ ಪುಟ್ಟ ಎಂಜಿನ್ನು. ಮೂರು ವರ್ಷ ಅದರ ತುಕ್ಕು ಕೆರೆದೆ. ಎಂಜಿನ್ನಿಗೂ ಚೌಕಟ್ಟಿಗೂ ನಾನೇ ಬಣ್ಣ ಬಳಿದೆ. ಸ್ಟಾರ್ಟರ್ ಮೋಟಾರನ್ನು ಮಾತ್ರ ಯಶವಂತಪುರದ ಒಬ್ಬ ವೃದ್ಧ ಮೇಸ್ತ್ರಿ ಬಿಚ್ಚಿ, ಹೊಸ ಬ್ರಷ್ಷು ಕೂರಿಸಿಕೊಟ್ಟರು.

ಒಳ್ಳೆಯ ದಿನ ನೋಡಿ ಸ್ಟಾರ್ಟರಿನ ಗುಂಡಿ ಎಳೆದೆ. ಮೋಟಾರು ನಿದ್ದೆಯಲ್ಲಿರುವವನಂತೆ ಒಮ್ಮೆ ನರಳಿ ಸುಮ್ಮನಾಯಿತು. ಮುಂದಿನಿಂದ ಹಿಡಿಕೆ ಹಾಕಿ ತಿರುಗಿಸಿದರೆ ಎಂಜಿನ್ನು ಹತ್ತಿತು. ಅಂದಮೇಲೆ ಪೆಟ್ರೋಲು ಸರಿ, ಕಿಡಿಯೂ ಸರಿ. ದೀಪಗಳು ಪ್ರಖರವಾಗಿ ಉರಿದವು; ಬ್ಯಾಟರಿಯೂ ಸರಿ. ಇನ್ನುಳಿದವರು ಯಾರು? ಮೇಸ್ತ್ರಿ! ಹೆಬ್ಬಾಳ ದಾಟಿ ಯಶವಂತಪುರಕ್ಕೆ ಹೋಗಿ, ಅವರ ಹುಡುಗರೆದುರಿಗೇ ಆಡಬಾರದ ಮಾತುಗಳನ್ನಾಡಿ ಬಂದೆ. ಅವರು ಉತ್ತರ ಕೊಡಲಿಲ್ಲ. ಆ ಮೌನವನ್ನು ನಾನು ತಪ್ಪೊಪ್ಪಿಗೆಯೆಂದೇ ಎಣಿಸಿದೆ.

ಮರುದಿನ ಅವರೇ ಬಂದರು. ನನ್ನಿಂದ ಗುಂಡಿ ಎಳೆಯಿಸಿ, ಚೋಕಿನ ತಂತಿಯನ್ನು ಮುಟ್ಟಿ ನೋಡಿದರು, ಬಿಸಿಯಾಗಿತ್ತು. "ಅರ್ತ್ ಇಲ್ಲ ಸ್ವಾಮಿ" ಎಂದರು. "ಅರ್ಥವಿಲ್ಲ" ಎಂದಂತೆ ನನಗೆ ಕೇಳಿಸಿತು. ಎರಡೂ ನಿಜವೇ.

ಮೋಟಾರಿಗೆ ಹೋದ ವಿದ್ಯುತ್ತು ಬ್ಯಾಟರಿಗೆ ಹಿಂತಿರುಗಬೇಕಷ್ಟೆ. ಎಂಜಿನ್ನು ಕೂತಿರುವುದು ರಬ್ಬರಿನ ಮೆತ್ತೆಗಳ ಮೇಲೆ. ಅದನ್ನು ಚೌಕಟ್ಟಿಗೆ ಜೋಡಿಸುವುದು ತಾಮ್ರದ ಒಂದು ಪಟ್ಟಿ. ಆ ಪಟ್ಟಿಯ ಎರಡು ತುದಿಗಳ ಅಡಿಯಲ್ಲೂ ನಾನು ಅಂದವಾಗಿ ಬಣ್ಣ ಬಳಿದಿದ್ದೆ! ದಾರಿ ಕಾಣದ ವಿದ್ಯುತ್ತು ಚೋಕಿನ ಸಣ್ಣ ತಂತಿಯಲ್ಲಿ ನುಸುಳಲು ಹೆಣಗುತ್ತಿತ್ತು. ಮೇಸ್ತ್ರಿ ಉಪ್ಪುಕಾಗದದಿಂದ ಎರಡು ಕಡೆ ಕೆರೆದು ತಿರುಪು ಬಿಗಿದರು. ಒಂದೇ ಎಳೆತಕ್ಕೆ ಎಂಜಿನ್ನು ಹತ್ತಿತು.

ನಾನು ಎಲ್ಲವನ್ನೂ ಪರೀಕ್ಷಿಸಿದ್ದೆ, ನನ್ನ ಕೈಕೆಲಸವೊಂದನ್ನು ಬಿಟ್ಟು. ಮಮತೆಯಿಂದ ಮಾಡಿದ್ದರಲ್ಲಿ ದೋಷವಿರಲಾರದೆಂಬ ನಂಬಿಕೆ ನಮಗೆ. ಇನ್ನೊಂದು ಸತ್ಯ ಇದಕ್ಕಿಂತ ಕಹಿಯಾದದ್ದು: ಆ ಮುದುಕರು ಬಡವರು, ತಿರುಗಿ ಮಾತಾಡುವವರಲ್ಲ. ಸಂಶಯವೂ ವಿದ್ಯುತ್ತಿನಂತೆಯೇ; ತಡೆ ಕಡಮೆಯಿದ್ದೆಡೆಗೆ ಹೆಚ್ಚಾಗಿ ಹರಿಯುತ್ತದೆ. ಅಂಗಡಿಯಲ್ಲಿ ಕೂತಿದ್ದವರು ದೊಡ್ಡ ಮನುಷ್ಯರಾಗಿದ್ದರೆ, ನಾನು ಬಣ್ಣದ ಕೆಳಗೂ ಒಮ್ಮೆ ನೋಡುತ್ತಿದ್ದೆನೋ ಏನೋ.

ಕೊಟ್ಟಿಗೆಯಲ್ಲಿಯೇ ಕ್ಷಮೆ ಕೇಳಿದೆ. "ಇರಲಿ ಬಿಡಿ" ಎಂದರು. ಆದರೆ ಬೈದದ್ದು ಹುಡುಗರೆದುರಿಗೆ. ಯಾರೂ ಇಲ್ಲದಲ್ಲಿ ಕೇಳಿದ ಕ್ಷಮೆ ಲೆಕ್ಕಕ್ಕೆ ಬಂದೀತೆ? ಆಡಿದ ಮಾತನ್ನು ಹೋದ ದಾರಿಯಲ್ಲೇ ಹಿಂದಕ್ಕೆ ತರಬೇಕಾಗಿತ್ತು. ಮತ್ತೆ ಹೆಬ್ಬಾಳ ದಾಟಿ ಯಶವಂತಪುರಕ್ಕೆ ಹೊರಟೆ. ಅಂದು ಕಾರು ಒಂದೇ ಎಳೆತಕ್ಕೆ ಹತ್ತಿತು, ತಡವಾದದ್ದು ನನಗೆ.